ವೈದ್ಯರ ಗ್ರೀಕ್ ಮಾತುಗಳನ್ನು ಬಿಡಿಸಿ ಓದುವ ಬಗೆ

ಚಿತ್ರದುರ್ಗ ಜಿಲ್ಲೆಯ ಹಿರಿಯೂರಿಗೆ ಸಮೀಪದ ಆದಿವಾಲದಿಂದಲೋ ಅದರ ನೆರೆಯ ಹಳ್ಳಿಗಳಿಂದಲೋ ರೋಗಿಯೊಬ್ಬರನ್ನು ಹೆಚ್ಚಿನ ಚಿಕಿತ್ಸೆಗೆಂದು ಬೆಂಗಳೂರಿಗೆ ಕರೆದುಕೊಂಡು ಹೋಗುವ ಮನೆಯವರು ಅಲ್ಲಿ ವೈದ್ಯರಿಗಿಂತ ಮೊದಲು ಎದುರುಗೊಳ್ಳುವುದು ಬಾಗಿಲುಗಳ ಮೇಲಿನ ಫಲಕಗಳನ್ನು. ಕಾರ್ಡಿಯಾಲಜಿ, ನೆಫ್ರಾಲಜಿ, ನ್ಯೂರಾಲಜಿ, ಆಂಕಾಲಜಿ, ಆಫ್ಥಾಲ್ಮಾಲಜಿ ಎಂದು ಅಲ್ಲಿ ಬರೆದಿರುತ್ತದೆ. ಲಿಪಿ ಕನ್ನಡವಾದರೂ ಮಾತು ಕನ್ನಡವಲ್ಲ. ಜೊತೆಯಲ್ಲಿ ಬಂದ ಹೈಸ್ಕೂಲಿನ ಹುಡುಗನನ್ನೋ ಕಾಲೇಜಿನ ಹುಡುಗಿಯನ್ನೋ ಮುಂದೆ ಮಾಡಿ, 'ಇದೇನು ನೋಡಿ ಹೇಳಪ್ಪ', 'ಸ್ವಲ್ಪ ಓದಿ ಹೇಳಮ್ಮ' ಎಂದು ಹಿರಿಯರು ಕೇಳುವುದುಂಟು. ಓದುವುದು ಹೇಗೋ ಆಗುತ್ತದೆ. ಅರ್ಥ ಹೇಳುವುದು ಕಷ್ಟವಾಗುತ್ತದೆ. ಇಂಗ್ಲಿಷು ಚೆನ್ನಾಗಿ ಬಲ್ಲವರಿಗೂ ಇಲ್ಲಿ ತೊಡಕೇ, ಏಕೆಂದರೆ ಈ ಮಾತುಗಳ ಬೇರು ಇರುವುದು ಗ್ರೀಕ್ ಭಾಷೆಯಲ್ಲಿ. ಶಾಲೆಯಲ್ಲಿ ಸಂಧಿ ಸಮಾಸಗಳನ್ನು ಕಲಿತಿರುವ ಕನ್ನಡ ವಿದ್ಯಾರ್ಥಿಯ ಬಳಿ ಇವನ್ನು ಬಿಡಿಸುವ ಉಪಕರಣಗಳು ಆಗಲೇ ಇವೆ ಎಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಗ್ರೀಕ್ ಭಾಷೆಗೆ ಈ ಸ್ಥಾನ ಬಂದುದು ಹೇಗೆ? ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಕೋಸ್ ದ್ವೀಪದ ಹಿಪ್ಪೋಕ್ರಟೀಸನೂ ಅವನ ಪರಂಪರೆಯವರೂ ರೋಗಗಳನ್ನು ಕುರಿತು ಬರೆದದ್ದು ಗ್ರೀಕಿನಲ್ಲಿ. ಮುಂದೆ ಅಲೆಕ್ಸಾಂಡ್ರಿಯದಲ್ಲಿ ಮನುಷ್ಯದೇಹವನ್ನು ಕೊಯ್ದು ನೋಡಿ ಅಂಗಗಳನ್ನು ವರ್ಣಿಸಿದ ಹೀರೋಫಿಲಸನ ಭಾಷೆಯೂ ಗ್ರೀಕೇ. ರೋಮ್ ಸಾಮ್ರಾಜ್ಯದಲ್ಲಿ ಕೀರ್ತಿವಂತನಾದ ಗೇಲನನೂ ಗ್ರೀಕಿನಲ್ಲಿಯೇ ಬರೆದನು. ಯೂರೋಪಿನ ವಿದ್ವಾಂಸರು ಹೊಸ ವಿಷಯಕ್ಕೆ ಹೊಸ ಹೆಸರು ಬೇಕಾದಾಗಲೆಲ್ಲ ಈ ಹಳೆಯ ಭಂಡಾರಕ್ಕೆ ಕೈಯಿಟ್ಟರು. ನಾವು ಹೊಸ ಮಾತಿಗಾಗಿ ಸಂಸ್ಕೃತದ ಕಡೆ ತಿರುಗುವುದಿಲ್ಲವೆ, ಹಾಗೆ. ಇಂದು ಭಯ ಹುಟ್ಟಿಸುವ ಈ ಪದಗಳ ತುಂಡುಗಳು ಅಂದಿನ ಗ್ರೀಕ್ ರೈತನಿಗೆ ಮನೆಮಾತುಗಳಾಗಿದ್ದುವು. ಕಾರ್ಡಿಯ ಎಂದರೆ ಹೃದಯ, ನೆಫ್ರೋಸ್ ಎಂದರೆ ಮೂತ್ರಪಿಂಡ, ಗ್ಯಾಸ್ಟೇರ್ ಎಂದರೆ ಹೊಟ್ಟೆ, ಆರ್ಥ್ರಾನ್ ಎಂದರೆ ಕೀಲು, ಹೈಮ ಎಂದರೆ ರಕ್ತ. ಇಷ್ಟೇ.

ಇನ್ನು ಬಿಡಿಸುವ ಕ್ರಮ. ನಮ್ಮ ವ್ಯಾಕರಣದ ತತ್ಪುರುಷ ಸಮಾಸವನ್ನು ನೆನಪಿಗೆ ತಂದುಕೊಳ್ಳೋಣ. 'ಅರಮನೆ' ಎಂದರೆ ಅರಸನ ಮನೆ. ಮುಖ್ಯವಾದ ಪದ ಕೊನೆಯದು; ಮೊದಲಿನದು ಅದನ್ನು ವಿಶೇಷಿಸುತ್ತದೆ. ಗ್ರೀಕ್ ಬೇರಿನ ವೈದ್ಯಪದವೂ ಬಹುಮಟ್ಟಿಗೆ ಹೀಗೆಯೇ. ಆದ್ದರಿಂದ ಮೊದಲು ಬಾಲವನ್ನು ಹಿಡಿಯಬೇಕು, ಅನಂತರ ತಲೆಯ ಕಡೆಗೆ ಹೋಗಬೇಕು. 'ಲಜಿ' ಎಂದು ಕೊನೆಗೊಂಡರೆ ಶಾಸ್ತ್ರ. 'ಸ್ಕೋಪಿ' ಎಂದಿದ್ದರೆ ನೋಡುವುದು. 'ಗ್ರಾಫಿ' ಎಂದಿದ್ದರೆ ಬರೆದಿಡುವುದು ಅಥವಾ ಚಿತ್ರಿಸುವುದು. ಹೊಟ್ಟೆಯೊಳಕ್ಕೆ ನಳಿಗೆಯನ್ನಿಳಿಸಿ ನೋಡುವ ಪರೀಕ್ಷೆಗೆ ಎಸೋಫೇಗೋಗ್ಯಾಸ್ಟ್ರೋಡುವೋಡಿನಾಸ್ಕೋಪಿ ಎಂಬ ಹೆಸರಿದೆ. ಬಾಲದಲ್ಲಿ ನೋಡುವುದು; ನೋಡುವುದು ಏನನ್ನು? ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ಭಾಗ ಈ ಮೂರನ್ನು, ನಳಿಗೆ ಇಳಿಯುವ ಕ್ರಮದಲ್ಲಿಯೇ. ಇವುಗಳ ಪೈಕಿ ಡುವೋಡಿನಮ್ ಎಂಬುದು ಲ್ಯಾಟಿನ್ ಪದ. ಆ ಭಾಗವು ಹನ್ನೆರಡು ಬೆರಳಗಲ ಉದ್ದವಿದೆಯೆಂದು ಹೀರೋಫಿಲಸನು ಗ್ರೀಕಿನಲ್ಲಿ ಇಟ್ಟ ಹೆಸರನ್ನು ಲ್ಯಾಟಿನ್ ಬಲ್ಲವರು 'ಹನ್ನೆರಡು' ಎಂದು ಅನುವಾದಿಸಿಕೊಂಡರು.

ಈ ತುಂಡುಗಳ ನಡುವೆ ಮತ್ತೆ ಮತ್ತೆ ಬರುವ 'ಓ'ಕಾರವನ್ನು ವಾಚಕರು ಗಮನಿಸಿರಬಹುದು. ಅದು ಬೆಸುಗೆ. ಮುಂದೆ ವ್ಯಂಜನ ಬಂದರೆ ಉಳಿಯುತ್ತದೆ: ಗ್ಯಾಸ್ಟ್ರೋಸ್ಕೋಪಿ. ಮುಂದಿನ ಪ್ರತ್ಯಯ ಸ್ವರದಿಂದ ಮೊದಲಾದರೆ ಬಿದ್ದುಹೋಗುತ್ತದೆ: ಗ್ಯಾಸ್ಟ್ರೈಟಿಸ್. 'ಊರು' ಮತ್ತು 'ಅಲ್ಲಿ' ಸೇರಿ 'ಊರಲ್ಲಿ' ಆಗುವಾಗ ಉಕಾರ ಲೋಪವಾಗುವುದಲ್ಲವೆ? ಲೋಪಸಂಧಿಯನ್ನು ಬಲ್ಲವರಿಗೆ ಇದು ಹೊಸ ನಿಯಮವಲ್ಲ. ಎರಡು ಅಂಗಗಳ ಹೆಸರು ಸೇರುವಲ್ಲಿ ಮಾತ್ರ ಸ್ವರದ ಮುಂದೆಯೂ ಓಕಾರ ಸಾಮಾನ್ಯವಾಗಿ ನಿಲ್ಲುತ್ತದೆ. ಗ್ಯಾಸ್ಟ್ರೋಎಂಟರೈಟಿಸ್ ಅದಕ್ಕೆ ಉದಾಹರಣೆ. ಎಂಟರಾನ್ ಎಂದರೆ ಕರುಳು.

'ಐಟಿಸ್' ಎಂಬ ಬಾಲವನ್ನು ಕುರಿತು ಎರಡು ಮಾತು ಹೇಳಬೇಕು. ಗ್ರೀಕಿನಲ್ಲಿ ಅದಕ್ಕೆ 'ಸಂಬಂಧಿಸಿದ' ಎಂದಷ್ಟೇ ಅರ್ಥವಿತ್ತು. ಆರ್ಥ್ರೈಟಿಸ್ ಎಂದರೆ ಕೀಲಿಗೆ ಸಂಬಂಧಿಸಿದ್ದು. 'ರೋಗ' ಎಂಬ ಪದ ಅಧ್ಯಾಹಾರ. ಕಾಲಕ್ರಮದಲ್ಲಿ ಅದು ಒಂದು ವಿಶಿಷ್ಟ ಸ್ಥಿತಿಗೆ ಮೀಸಲಾಯಿತು. ಆ ಸ್ಥಿತಿಗೆ ಕನ್ನಡದಲ್ಲಿ 'ಉರಿಯೂತ' ಎಂಬ ಮಾತು ರೂಢಿಯಲ್ಲಿದೆ. ನಮ್ಮ ಅಭಿಪ್ರಾಯದಲ್ಲಿ ಕನ್ನಡದ ವೈದ್ಯಪದಗಳಲ್ಲಿ ಇದರಷ್ಟು ಒಪ್ಪವಾದುವು ಕೆಲವೇ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸನು ಇದಕ್ಕೆ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಎರಡು ಈ ಪುಟ್ಟ ಪದದೊಳಗೇ ಅಡಗಿವೆ.

'ಓಸಿಸ್' ಎಂಬ ಬಾಲ ಸ್ಥಿತಿಯನ್ನೋ ಕ್ರಮೇಣ ಆಗುವ ಬದಲಾವಣೆಯನ್ನೋ ಸೂಚಿಸುತ್ತದೆ. ಚಿತ್ರದುರ್ಗ ಜಿಲ್ಲೆಯ ವಿದ್ಯಾರ್ಥಿಗಳಿಗೆ ಇದರ ಒಂದು ಉದಾಹರಣೆ ಮನೆಯ ಬಾಗಿಲಿನಲ್ಲಿಯೇ ಇದೆ. ಈ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿಗೆ ಮೀರಬಾರದೆಂದೂ, ಬೇರೆ ನೀರಿನ ಆಸರೆಯಿಲ್ಲದಿದ್ದರೆ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಫ್ಲೋರೋಸಿಸ್ ಕಾಣಿಸಿಕೊಳ್ಳುತ್ತದೆ. ಬೆಳೆಯುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲುಗಳ ಮೇಲೆ ಹಳದಿ, ಕಂದು ಕಲೆಗಳು. ಹೆಚ್ಚು ತೀವ್ರವಾದಾಗ ಬೆನ್ನು ಕೀಲುಗಳ ಬಿಗಿತ. ಭಾರತದಲ್ಲಿ ಈ ರೋಗದ ವರದಿ ಮೊದಲು ಪ್ರಕಟವಾದದ್ದು 1937ರಲ್ಲಿ, ನೆಲ್ಲೂರು ಪ್ರಾಂತದಿಂದ. ಫ್ಲೋರ್ ಎಂಬುದು ಲ್ಯಾಟಿನ್, ಓಸಿಸ್ ಎಂಬುದು ಗ್ರೀಕ್. ಕನ್ನಡ ಸಂಸ್ಕೃತ ಪದಗಳನ್ನು ಕೂಡಿಸಿದ ಸಮಾಸವನ್ನು ನಮ್ಮ ವೈಯಾಕರಣರು ಅರಿಸಮಾಸವೆಂದು ಕರೆದು ಮುಖ ಸಿಂಡರಿಸಿದರು. ವೈದ್ಯರಿಗೆ ಅಂಥ ಮಡಿವಂತಿಕೆಯಿಲ್ಲ. ಅಪೆಂಡಿಸೈಟಿಸ್, ಟಾನ್ಸಿಲೈಟಿಸ್ ಇವೂ ಅದೇ ಬಗೆಯವು.

ಈ ರೋಗದಿಂದ ಮೂಳೆ ಕೆಟ್ಟವರ ಎಕ್ಸ್‌ರೇ ವರದಿಯಲ್ಲಿ ಆಸ್ಟಿಯೋಸ್ಕ್ಲಿರೋಸಿಸ್ ಎಂಬ ಮಾತು ಬರಬಹುದು. ಜಾಹೀರಾತುಗಳಲ್ಲಿ ಆಗಾಗ ಕೇಳುವ ಆಸ್ಟಿಯೋಪೊರೋಸಿಸ್ ಎಂಬ ಮಾತಿಗೂ ಇದಕ್ಕೂ ಕಿವಿಗೆ ಹೆಚ್ಚು ಅಂತರ ತೋರದು. ಎರಡರ ತಲೆಯೂ ಆಸ್ಟಿಯಾನ್, ಎಂದರೆ ಮೂಳೆ, ಬಾಲವೂ ಒಂದೇ. ಭೇದವೆಲ್ಲ ನಡುವಿನಲ್ಲಿದೆ. ಸ್ಕ್ಲೀರೋಸ್ ಎಂದರೆ ಗಡುಸಾದುದು, ಪೋರೋಸ್ ಎಂದರೆ ರಂಧ್ರ. ಒಂದರಲ್ಲಿ ಮೂಳೆ ಅತಿಯಾಗಿ ಗಟ್ಟಿಗಟ್ಟಿದೆ, ಇನ್ನೊಂದರಲ್ಲಿ ಟೊಳ್ಳಾಗಿದೆ. 'ಮೂಳೆ ಸವೆದಿದೆಯಂತೆ' ಎಂದು ತಪ್ಪಾಗಿ ತಿಳಿದ ಮನೆಯವರು ಮಾತ್ರೆಗಳನ್ನು ಕೊಂಡು ತಂದು, ಮೊದಲು ಮಾಡಬೇಕಾಗಿದ್ದ ಕೆಲಸವನ್ನು, ಅಂದರೆ ಕುಡಿಯುವ ನೀರನ್ನು ಪರೀಕ್ಷಿಸಿ ಬದಲಿಸುವುದನ್ನು, ಮರೆತಾರು.

ಶಸ್ತ್ರಚಿಕಿತ್ಸೆಯ ಮೂರು ಬಾಲಗಳೂ ಹೀಗೆಯೇ ಎಚ್ಚರಿಕೆಯನ್ನು ಬೇಡುತ್ತವೆ. 'ಟಮಿ' ಎಂದರೆ ಕೊಯ್ದು ತೆರೆಯುವುದು. ಅದರ ಹಿಂದೆ 'ಹೊರಗೆ' ಎಂಬರ್ಥದ 'ಎಕ್' ಸೇರಿ 'ಎಕ್ಟಮಿ' ಆದರೆ ಕೊಯ್ದು ತೆಗೆದುಹಾಕುವುದು. 'ಸ್ಟಮಿ' ಬೇರೆಯೇ ಮಾತು. ಸ್ಟೋಮ ಎಂದರೆ ಬಾಯಿ, ಹೊಸದೊಂದು ಬಾಯಿಯನ್ನು ಮಾಡುವುದು. ಕೊಲೆಕ್ಟಮಿಯಲ್ಲಿ ದೊಡ್ಡ ಕರುಳನ್ನು ಪೂರ್ತಿಯಾಗಿಯೋ ಭಾಗಶಃವೋ ತೆಗೆಯುತ್ತಾರೆ. ಕೊಲಾಸ್ಟಮಿಯಲ್ಲಿ ಅದಕ್ಕೆ ಹೊಟ್ಟೆಯ ಗೋಡೆಯಲ್ಲಿ ಬಾಯಿ ಮಾಡುತ್ತಾರೆ. ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಮುನ್ನ ಇವುಗಳಲ್ಲಿ ಯಾವುದೆಂದು ಕೇಳಿ ತಿಳಿಯುವುದು ರೋಗಿಯ ಹಕ್ಕು.

ಪದದ ತಲೆಯಲ್ಲಿ ಬರುವ ಉಪಸರ್ಗಗಳಿಗೆ ಬರೋಣ. ಇಲ್ಲಿಯೇ ಕನ್ನಡ ವಿದ್ಯಾರ್ಥಿಗೆ ಹೆಚ್ಚಿನ ಅನುಕೂಲ. ಗ್ರೀಕು ಮತ್ತು ಸಂಸ್ಕೃತಗಳು ಒಂದೇ ಪ್ರಾಚೀನ ಭಾಷೆಯಿಂದ ಕವಲೊಡೆದವು. ಕನ್ನಡ ಆ ಕುಟುಂಬಕ್ಕೆ ಸೇರದಿದ್ದರೂ ಸಂಸ್ಕೃತದಿಂದ ಬಂದ ತತ್ಸಮಗಳನ್ನು ನಾವು ದಿನವೂ ಬಳಸುತ್ತೇವೆ. ಗ್ರೀಕಿನ 'ಪೆರಿ' ನಮಗೆ ಪರಿಚಿತವಾದ 'ಪರಿ'. ಪೆರಿಕಾರ್ಡಿಯಮ್ ಹೃದಯವನ್ನು ಸುತ್ತುವರಿದ ಪೊರೆ. 'ಡಿಸ್' ಎಂಬುದು 'ದುಸ್'. ಡಿಸ್‌ಪೆಪ್ಸಿಯ ಎಂದರೆ ಕೆಟ್ಟ ಪಚನ. ಸ್ವರದ ಮುಂದೆ 'ಅನ್' ಆಗುವ ನಿಷೇಧಾರ್ಥದ 'ಅ'ಕಾರ ಎರಡು ಭಾಷೆಗಳಲ್ಲಿಯೂ ಒಂದೇ. ನಾವು 'ಅನಂತ' ಎನ್ನುವಂತೆ ಅವರು ಅನೀಮಿಯ ಎಂದರು. ಅಕ್ಷರಶಃ 'ರಕ್ತವಿಲ್ಲದಿರುವುದು' ಎಂದಾದರೂ ನಿಜದಲ್ಲಿ ರಕ್ತದ ಹೀಮೋಗ್ಲೋಬಿನ್ ಕಡಮೆಯಾಗಿರುತ್ತದೆ, ಅಷ್ಟೆ. ನಮ್ಮ 'ರಕ್ತಹೀನತೆ'ಯಲ್ಲಿಯೂ ಅದೇ ಅತಿಶಯೋಕ್ತಿ.

'ಹೈಪೋ' ಮತ್ತು 'ಹೈಪರ್' ಇವು ಸಂಸ್ಕೃತದ 'ಉಪ', 'ಉಪರಿ' ಎಂಬುವುಗಳ ಒಡಹುಟ್ಟುಗಳು. ಉಪರಿ ಎಂದರೆ ಮೇಲೆ. ಹಾಗೆಯೇ ಹೈಪರ್ ಎಂದರೆ ಮಿತಿಯ ಮೇಲೆ, ಹೈಪೋ ಎಂದರೆ ಮಿತಿಯ ಕೆಳಗೆ. ಮಧುಮೇಹಿಗಳಿರುವ ಮನೆಯಲ್ಲಿ ಈ ಭೇದ ತಿಳಿದಿರಲೇಬೇಕು. ಗ್ಲೈಕಿಸ್ ಎಂದರೆ ಸಿಹಿ. ಹೈಪೋಗ್ಲೈಸೀಮಿಯ ಎಂದರೆ ರಕ್ತದಲ್ಲಿ ಸಕ್ಕರೆ ತಗ್ಗಿರುವುದು, ಹೈಪರ್‌ಗ್ಲೈಸೀಮಿಯ ಎಂದರೆ ಏರಿರುವುದು. ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಎಚ್ಚರಗೊಳ್ಳಬೇಕು. ಬೆವರು, ನಡುಕ, ಮಾತಿನ ತೊದಲು ಕಂಡ ರೋಗಿಗೆ, ನುಂಗುವಷ್ಟು ಎಚ್ಚರವಿದ್ದರೆ, ಕೂಡಲೆ ಸಕ್ಕರೆಯನ್ನೋ ಸಿಹಿ ಪಾನೀಯವನ್ನೋ ಕೊಡಬೇಕು. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ದೂರವಾಣಿಯಲ್ಲಿ 'ಹೈಪೋ' ಎಂದು ವೈದ್ಯರು ಹೇಳಿದ್ದನ್ನು 'ಹೈಪರ್' ಎಂದು ಕೇಳಿಸಿಕೊಂಡು 'ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯೇ?' ಎಂದು ಹಿಂಜರಿದರೆ ಪ್ರಾಣಕ್ಕೆ ಅಪಾಯವಾದೀತು.

ಅಂಗಗಳ ಹೆಸರಿನಲ್ಲಿಯೂ ಈ ನಂಟು ಕಾಣುತ್ತದೆ. ಆಸ್ಟಿಯಾನ್ ಮತ್ತು ಅಸ್ಥಿ, ಹೇಪಾರ್ ಮತ್ತು ಯಕೃತ್, ಸ್ಪ್ಲೇನ್ ಮತ್ತು ಪ್ಲೀಹ, ಕಾರ್ಡಿಯ ಮತ್ತು ಹೃದಯ, ಹಲ್ಲಿಗೆ ಓಡಾಂಟ್ ಮತ್ತು ದಂತ, ಮಂಡಿಗೆ ಗೋನಿ ಮತ್ತು ಜಾನು, ಕಾಲಿಗೆ ಪೋಡ್ ಮತ್ತು ಪಾದ ಇವೆಲ್ಲ ಒಂದೇ ಬೇರಿನ ಚಿಗುರುಗಳೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ರೋಗದ ಮುಂದಿನ ಗತಿಯನ್ನು ಅರಿತು ಹೇಳುವುದಕ್ಕೆ ಪ್ರೋಗ್ನೋಸಿಸ್ ಎನ್ನುತ್ತಾರೆ. ಅದರ ತುಂಡುಗಳು 'ಪ್ರ' ಮತ್ತು 'ಜ್ಞಾ' ಎಂಬುವುಗಳಿಗೆ ಸರಿಸಮ. ಆದರೆ ಧ್ವನಿಸಾಮ್ಯವನ್ನೇ ನಂಬಬಾರದು. ಗ್ರೀಕಿನ ನ್ಯೂರಾನ್ ಎಂಬುದಕ್ಕೂ ಕನ್ನಡದ 'ನರ' ಎಂಬುದಕ್ಕೂ ಎಷ್ಟು ಹೋಲಿಕೆ! ಆದರೂ ನಂಟಿಲ್ಲ. ನರವು ತಮಿಳಿನ ನರಂಬುವಿನೊಡನೆ ಸೇರುವ ದ್ರಾವಿಡ ಪದ. ನ್ಯೂರಾನಿನ ನಿಜವಾದ ಬಂಧು 'ಸ್ನಾಯು'; ಗ್ರೀಕರಿಗೂ ಅದು ಮೊದಲು ಬಿಗಿಯುವ ತಂತುವೇ ಆಗಿತ್ತು. ಆರ್ಥೋಪೀಡಿಕ್ಸ್ ಎಂಬಲ್ಲಿನ 'ಪೀಡ್' ಪಾದವೆಂದು ಹಲವರು ಊಹಿಸುತ್ತಾರೆ. ಅದು 'ಮಗು' ಎಂಬರ್ಥದ ಗ್ರೀಕ್ ಪದ. ಮಕ್ಕಳ ಅಂಗಗಳ ಸೊಟ್ಟನ್ನು ನೆಟ್ಟಗೆ ಮಾಡುವ ವಿದ್ಯೆಗೆ ಫ್ರಾನ್ಸಿನ ನಿಕೊಲಾ ಆಂದ್ರಿ 1741ರಲ್ಲಿ ಇಟ್ಟ ಹೆಸರು ಅದು.

ಉಚ್ಚಾರಣೆಯ ಮಾತು. ಇಂಗ್ಲಿಷಿನಲ್ಲಿ ಬರೆದ ಎಲ್ಲ ಅಕ್ಷರಗಳನ್ನೂ ಉಚ್ಚರಿಸುವುದಿಲ್ಲ. ನ್ಯುಮೋನಿಯದ ಮೊದಲಲ್ಲಿ ಬರಹದಲ್ಲಿ ಪಕಾರವಿದೆ. ಸೈಕಾಲಜಿಯ ಮೊದಲಲ್ಲಿಯೂ ಇದೆ. ಗ್ರೀಕರು ಅದನ್ನು ಉಚ್ಚರಿಸುತ್ತಿದ್ದರು, ಇಂಗ್ಲಿಷರ ನಾಲಗೆಗೆ ಪದಾದಿಯ ಅಂಥ ಒತ್ತಕ್ಷರ ಒಗ್ಗಲಿಲ್ಲ. ಸ್ವಾರಸ್ಯವೇನೆಂದರೆ, ಅದರ ಹಿಂದೆ ಸ್ವರವೊಂದು ಬಂದು ನಿಂತರೆ ಆ ಪಕಾರ ಮತ್ತೆ ಬಾಯಿಬಿಡುತ್ತದೆ. ಉಸಿರು ನಿಲ್ಲುವುದಕ್ಕೆ ಆಪ್ನಿಯ ಎಂದೇ ಹೇಳಬೇಕು. ಬಿಸಿಲು ದೂಳುಗಳಲ್ಲಿ ದುಡಿಯುವವರ ಕಣ್ಣಿನ ಬಿಳಿಯ ಭಾಗದ ಮೇಲೆ ರೆಕ್ಕೆಯಂತೆ ಬೆಳೆಯುವ ಪೊರೆ ಟೆರಿಜಿಯಮ್. ಅದರ ಮೊದಲ ಪಕಾರ ಮೂಕ. ಅದೇ 'ರೆಕ್ಕೆ' ಹೆಲಿಕಾಪ್ಟರಿನ ಕೊನೆಗೆ ಬಂದಾಗ ಪಕಾರ ಸ್ಪಷ್ಟವಾಗಿ ಕೇಳುತ್ತದೆ. ರೆಕ್ಕೆಯೆಂದೂ ಎಲೆಯೆಂದೂ ಅರ್ಥವಿರುವ ಸಂಸ್ಕೃತದ 'ಪತ್ರ' ಇದರ ಸೋದರ.

ಆಫ್ಥಾಲ್ಮಾಲಜಿಯನ್ನು ಹಲವರು ಆಪ್ತಾಲ್ಮಾಲಜಿ ಎನ್ನುತ್ತಾರೆ. ಇಂಗ್ಲಿಷ್ ನಿಘಂಟುಗಳು ಆ ರೂಪವನ್ನೂ ಕೆಲವೊಮ್ಮೆ ಒಪ್ಪುತ್ತವೆ. ಆದರೆ ಕಾಗುಣಿತವನ್ನು ನೆನಪಿಡಬೇಕಾದವರು ಫಕಾರದಿಂದ ಹೇಳುವುದೇ ಮೇಲು. ಇಲ್ಲೊಂದು ಸಂಗತಿ ನಮ್ಮವರಿಗೆ ಸಂತೋಷ ತಂದೀತು. ಪ್ರಾಚೀನ ಗ್ರೀಕಿನಲ್ಲಿ ಫ, ಥ, ಖ ಎಂಬ ಮಹಾಪ್ರಾಣಗಳಿದ್ದುವು. 'ಫಲ' ಎಂಬಲ್ಲಿನ ಫಕಾರವೇ ಹಿಪ್ಪೋಕ್ರಟೀಸನ ಕಾಲದ ಫಕಾರ. ಈ ಧ್ವನಿಗಳಿಗೆ ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರವಿಲ್ಲ, ನಮ್ಮಲ್ಲಿದೆ. ಹೀಗಿದ್ದರೂ ಒಂದು ಭಾಷೆಯ ಸದ್ದನ್ನು ಇನ್ನೊಂದರ ಲಿಪಿಯಲ್ಲಿ ಹಿಡಿಯುವುದು ಯಾರಿಗೂ ಸುಲಭವಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ತೀರದವರ ಮಾತುಗಳನ್ನು ಗ್ರೀಕ್ ಅಕ್ಷರಗಳಲ್ಲಿ ಬರೆದಿದೆ. ಅವು ಕನ್ನಡದವೆಂದು ಹುಲ್ಟ್ಷ್ ಎಂಬ ವಿದ್ವಾಂಸರು 1904ರಲ್ಲಿ ಸೂಚಿಸಿದರು. ಗೋವಿಂದ ಪೈಗಳೂ ಅದನ್ನು ಕುರಿತು ಬರೆದರು. ವಿವಾದ ಇನ್ನೂ ಮುಗಿದಿಲ್ಲ.

ಪದದಲ್ಲಿ ಯಾವ ಅಕ್ಷರವನ್ನು ಒತ್ತಿ ಹೇಳಬೇಕೆಂಬುದೂ ಮುಖ್ಯ. ನಾವು ಸಹಜವಾಗಿ ಪದದ ಆರಂಭಕ್ಕೆ ಬಲ ಕೊಡುತ್ತೇವೆ. ಇಂಗ್ಲಿಷಿನಲ್ಲಿ 'ಲಜಿ', 'ಗ್ರಾಫಿ', 'ಟಮಿ' ಇವುಗಳಿಂದ ಮುಗಿಯುವ ಪದಗಳಲ್ಲಿ ಕೊನೆಯಿಂದ ಮೂರನೆಯ ಅಕ್ಷರಕ್ಕೆ ಒತ್ತು: ಕಾರ್ಡಿಯಾಲಜಿಯಲ್ಲಿ 'ಯಾ'. 'ಐಟಿಸ್', 'ಓಸಿಸ್' ಇದ್ದರೆ ಆ ಐಕಾರ ಓಕಾರಗಳಿಗೇ ಒತ್ತು. ಇಷ್ಟನ್ನು ಪಾಲಿಸಿದರೆ ಬಹುಪಾಲು ಪದಗಳು ಕೇಳುವವರಿಗೆ ಸ್ಪಷ್ಟವಾಗುತ್ತವೆ. ಕನ್ನಡದಲ್ಲಿ ಬರೆಯುವಾಗ ಮಾತ್ರ ಒಂದು ತೊಂದರೆ ಉಳಿಯುತ್ತದೆ: ಸಣ್ಣ ಕರುಳಿನ ಕೊನೆಯ ಭಾಗವೂ ಸೊಂಟದ ಮೂಳೆಯ ಒಂದು ಭಾಗವೂ ಎರಡೂ 'ಇಲಿಯಮ್' ಆಗುತ್ತವೆ. ಇಂಗ್ಲಿಷಿನಲ್ಲಿ ಉಚ್ಚಾರ ಒಂದೇ ಆದರೂ ಕಾಗುಣಿತ ಬೇರೆ. ಕನ್ನಡದಲ್ಲಿ 'ಕರುಳಿನ ಇಲಿಯಮ್', 'ಮೂಳೆಯ ಇಲಿಯಮ್' ಎಂದು ಬಿಡಿಸಿ ಬರೆಯದೆ ಗತ್ಯಂತರವಿಲ್ಲ.

ಪದವನ್ನು ಬಿಡಿಸಿದ ಮಾತ್ರಕ್ಕೆ ರೋಗದ ಕಾರಣ ತಿಳಿಯಿತೆಂದೂ ಭಾವಿಸಬಾರದು. ಹಿಸ್ಟೀರಿಯ ಎಂಬ ಮಾತಿನ ಬೇರು ಗರ್ಭಕೋಶ. ಹೆಂಗಸರ ಆ ಬೇನೆಗೆ ಗರ್ಭಕೋಶವೇ ಕಾರಣವೆಂದು ಹಿಂದಿನವರು ನಂಬಿದ್ದರು. ನಂಬಿಕೆ ಹೋಯಿತು, ಹೆಸರು ಬಹುಕಾಲ ಉಳಿಯಿತು. ಹೆಸರಿಡುವುದರಲ್ಲಿ ಜನರ ಮಾತು ಕೆಲವೊಮ್ಮೆ ಹೆಚ್ಚು ಉಪಯುಕ್ತ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತು ಮನುಷ್ಯರಿಗೂ ಜ್ವರ ಬಂದಾಗ ಜನ ಅದನ್ನು ಮಂಗನ ಕಾಯಿಲೆ ಎಂದರು. ಸತ್ತ ಮಂಗವನ್ನು ಕಂಡರೆ ದೂರವಿರಬೇಕೆಂಬ ಎಚ್ಚರಿಕೆ ಆ ಹೆಸರಿನಲ್ಲಿಯೇ ಇದೆ. ಅದನ್ನು ಹರಡುವ ಉಣುಗಿನ ಕುಲಕ್ಕೆ ಹೀಮಾಫೈಸಾಲಿಸ್ ಎಂದು ಶಾಸ್ತ್ರೀಯ ನಾಮ: ಹೈಮ ಎಂದರೆ ರಕ್ತ, ಫೈಸಾಲಿಸ್ ಎಂದರೆ ಗುಳ್ಳೆ. ರಕ್ತ ಹೀರಿ ಉಬ್ಬಿದ ಉಣುಗನ್ನು ದನದ ಮೈಮೇಲೆ ನೋಡಿದವರಿಗೆ ಈ ಗ್ರೀಕ್ ಸಮಾಸದ ವಿವರಣೆ ಬೇಕಾಗಿಲ್ಲ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕನ್ನಡ ಹೆಸರಿನಲ್ಲಿ ಆಂಕಾಲಜಿಗೆ 'ಗಂಥಿ' ಎಂಬ ಮಾತನ್ನು ಬಳಸಿದ್ದಾರೆ. ಆಂಕೋಸ್ ಎಂದರೆ ಗಡ್ಡೆ, ರಾಶಿ. ಬೇರನ್ನು ಹಿಡಿದು ಮಾಡಿದ ಅನುವಾದವಿದು. ವೈದ್ಯಪದಗಳ ಹುಟ್ಟು ರಚನೆಗಳನ್ನು ಕನ್ನಡದಲ್ಲಿ ವಿವರಿಸಲು ಶ್ರಮಿಸಿದವರಲ್ಲಿ ಡಾ. ಡಿ. ಎಸ್. ಶಿವಪ್ಪನವರ ಹೆಸರನ್ನು ಆಸಕ್ತ ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ವಿಚಾರಿಸಬಹುದು.

ಅಭ್ಯಾಸಕ್ಕಾಗಿ ಒಂದು ಪದವನ್ನು ವಾಚಕರಿಗೇ ಬಿಡುತ್ತೇವೆ: ಎಲೆಕ್ಟ್ರೋಎನ್ಸೆಫಲೋಗ್ರಾಫಿ. ನೆರವಿಗೆ ಇಷ್ಟು ಸಾಕು. ಕೆಫಲೇ ಎಂದರೆ ತಲೆ. 'ಎನ್' ಎಂದರೆ ಒಳಗೆ. ಮೊದಲ ತುಂಡು ವಿದ್ಯುತ್ತು. ಬಾಲವನ್ನು ಹಿಡಿದು ಹೊರಡಿರಿ.